ಕತ್ತಲೆ ಕೋಣೆಯ ಕದಿರಪ್ಪ

ಶ್ರೀನಿವಾಸಪುರದಿಂದ ಯಲ್ದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ದಾಟಿ ಮಾವಿನ ತೋಪುಗಳು ಶುರುವಾಗುವ ಕಡೆ, ರೇಷ್ಮೆ ಬೆಳೆಗಾರರ ಸಂಘದವರ ಚಾಕಿ ಕೇಂದ್ರವೊಂದಿತ್ತು. ಮೊಟ್ಟೆಯಿಂದ ಹುಳು ಮರಿ ಮಾಡಿಸಿ, ಅವು ಒಂದಷ್ಟು ಬಲಿಯುವವರೆಗೆ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಕೊಡುವ ಜಾಗ ಅದು. ಅಲ್ಲಿ ಹೋಗಿ ಕದಿರಪ್ಪ ಯಾರು ಎಂದರೆ ‘ಯಾವ ಕದಿರಪ್ಪ?’ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಿದ್ದರು. ಕತ್ತಲೆ ಕೋಣೆಯ ಕದಿರಪ್ಪ ಎಂದರೆ ಮಾತ್ರ ಕೈ ಎತ್ತಿ ತೋರಿಸುತ್ತಿದ್ದರು.

ಹೆಸರು ಕೇಳಿ ಏನೇನೋ ಊಹಿಸಿಕೊಳ್ಳಬೇಡಿ. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಾಣಿಸಿದ ಕೂಡಲೇ ಮೊಟ್ಟೆ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿ ಇಡುವುದು ಆ ಕಸುಬಿನ ಪದ್ಧತಿ. ಮುಂದೆ ಓಡಿದ ಮರಿಗಳು ಕತ್ತಲಲ್ಲಿ ತಡೆದು ನಿಲ್ಲುತ್ತವೆ, ಹಿಂದುಳಿದವು ಬಂದು ಅವನ್ನು ಸೇರಿಕೊಳ್ಳುತ್ತವೆ. ಗೊತ್ತಾದ ದಿನ ಬೆಳಗಿನ ಜಾವ ಬಟ್ಟೆ ಸರಿಸಿ ಬೆಳಕು ಬಿಟ್ಟರೆ ಎಲ್ಲವೂ ಒಟ್ಟಿಗೆ ಮೊಟ್ಟೆ ಒಡೆದುಕೊಂಡು ಹೊರಗೆ ಬರುತ್ತವೆ. ಆ ಹೊತ್ತು ತಪ್ಪಿತೋ, ಅರ್ಧ ಹುಳು ಸೊಪ್ಪು ಮೇಯುತ್ತಿರುವಾಗ ಇನ್ನರ್ಧ ಹುಳು ಜ್ವರಕ್ಕೆ, ಎಂದರೆ ಮೇವು ಬಿಟ್ಟು ಪೊರೆ ಕಳಚಲು ಕೂತು, ರೈತನ ಮನೆಯಲ್ಲಿ ಬೆಳೆ ಎಕ್ಕುಟ್ಟಿ ಹೋಗುತ್ತದೆ. ಬಟ್ಟೆ ಸರಿಸುವ ಆ ಕೈ ಕದಿರಪ್ಪನದು. ಎಪ್ಪತ್ತರ ದಶಕದ ಶುರುವಿನಲ್ಲಿ ಕೆಲಸಕ್ಕೆ ಸೇರಿದವನು, ಒಂದು ಲಾಟಿಗೂ, ಎಂದರೆ ಒಂದು ಕಂತಿನ ಮೊಟ್ಟೆಗೂ, ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ.

ಅವನ ಊರು ಮುಳಬಾಗಿಲು ತಾಲೂಕಿನ ಕುರುಡುಮಲೆಯ ಪಕ್ಕದ ಒಂದು ಹಳ್ಳಿ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಅಕ್ಕ ಭಾರತಮ್ಮ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಜಾತ್ರೆಗೂ ಅವಳ ಸೊಂಟವೇ, ಹೊಲಕ್ಕೂ ಅವಳ ಸೊಂಟವೇ. ಸೊಂಟ ಸೊಟ್ಟಗಾದದ್ದು ಈ ಎಮ್ಮೆಕರುವಿನಿಂದಲೇ ಎಂದು ಅವಳು ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು. ಅವಳನ್ನು ಯಲ್ದೂರಿನ ಚನ್ನರಾಯಪ್ಪನಿಗೆ ಕೊಟ್ಟಿತ್ತು. ತಮ್ಮನಿಗೆ ಶ್ರೀನಿವಾಸಪುರದಲ್ಲೇ ಕೆಲಸ ಸಿಕ್ಕಾಗ ಅವಳು ಊರೆಲ್ಲ ಸಕ್ಕರೆ ಹಂಚಿದಳು. ಇನ್ನೇನು, ವಾರಕ್ಕೊಮ್ಮೆಯಾದರೂ ತಮ್ಮ ಮನೆಗೆ ಬಂದು ಉಂಡು ಹೋಗುತ್ತಾನೆ ಎಂದುಕೊಂಡಳು ಪಾಪ.

ಆಗಲಿಲ್ಲ. ಅದಕ್ಕೆ ಕಾರಣ ಕೆಲಸಕ್ಕೆ ಸೇರಿದ ಮೊದಲ ವರ್ಷ ನಡೆದ ಒಂದು ಸಂಗತಿ. ಊರಿನಲ್ಲಿ ತಾತ ಸತ್ತ. ಕದಿರಪ್ಪ ಹೋಗಿ ಮಣ್ಣು ಹಾಕಿ, ಸ್ನಾನ ಮಾಡಿ, ಮಾರನೇ ದಿನವೇ ಬಂದು ಬಟ್ಟೆ ಸರಿಸಿದ. ಆ ಲಾಟು ಒಂದೇ ಸಮನೆ ಹೊರಡದೆ ದಿನಗಟ್ಟಲೆ ಎಳೆದಾಡಿತು. ಆಗ ಕೇಂದ್ರದಲ್ಲಿದ್ದ ಹಳೆಯ ಆಳು ದೊಡ್ಡಮುನಿಯಪ್ಪ ಎಲ್ಲರ ಎದುರಿಗೇ ಅವನನ್ನು ಹಿಡಿದುಕೊಂಡ.

“ಸಾವಿನ ಮನೇಲಿ ಮಣ್ಣಾಕಿ ಬಂದು ಮೊಟ್ಟೆ ಮುಟ್ಟಿದ್ಯೇನ್ಲಾ? ಅದು ಕಲ್ಲೇನ್ಲಾ? ಜೀವ ಕಣೋ ಅದು! ಲಕ್ಷ್ಮಿ!”

ಆ ವಾರ ಚಳಿಗಾಳಿ ವಿಪರೀತ ಬೀಸಿತ್ತು, ಕೋಣೆಗೆ ಕೆಂಡ ಸಾಕಾಗಿರಲಿಲ್ಲ ಎಂದು ಅಧಿಕಾರಿಗಳು ಹೇಳಿದರು. ಕದಿರಪ್ಪನ ಕಿವಿಗೆ ಅದು ಹೋಗಲಿಲ್ಲ. ಹುಳು ಕೊಂಡ ರೈತರ ಮುಖಗಳನ್ನು ಅವನು ನೋಡಿದ್ದ. ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ: ಸತ್ತ ಮನೆಗೆ ಹೋಗುವುದಿಲ್ಲ, ಹೆತ್ತ ಮನೆಗೆ ಹೋಗುವುದಿಲ್ಲ, ಮುಟ್ಟಾದವರು ಇರಬಹುದಾದ ಮನೆಯ ಹೊಸಿಲು ತುಳಿಯುವುದಿಲ್ಲ. ಅದು ಯಾವ ಸಾಹೇಬರೂ ಹಾಕಿದ ಕಟ್ಟಳೆಯಲ್ಲ. ಹುಳುಮನೆಗೆ ಮಡಿ ಇರುವುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಬೇರೆಯವರು ಲಾಟು ಇರುವ ದಿನಗಳಲ್ಲಿ ನಾಕು ದಿನ ಪಾಲಿಸಿ ಸುಮ್ಮನಾಗುತ್ತಿದ್ದರು. ಇವನ ಕೇಂದ್ರದಲ್ಲಿ ಲಾಟು ಇಲ್ಲದ ದಿನವೇ ಇರಲಿಲ್ಲವಲ್ಲ, ಹಾಗಾಗಿ ಇವನ ಮಡಿಗೆ ರಜೆಯೇ ಇಲ್ಲವಾಯಿತು. ಮದುವೆಯಾದ ಮೇಲೂ ಹೆಂಡತಿ ಹೊರಗಾದ ದಿನಗಳಲ್ಲಿ ಕೇಂದ್ರದಲ್ಲೇ ಉಂಡು ಮಲಗುತ್ತಿದ್ದ.

ಹೆಣ್ಣುಮಕ್ಕಳಿರುವ ತುಂಬಿದ ಮನೆ ಭಾರತಮ್ಮನದು. ಒಳಗೆ ಯಾರು ಯಾವಾಗ ಏನಾಗಿರುತ್ತಾರೋ ಯಾರಿಗೆ ಗೊತ್ತು? ಕದಿರಪ್ಪ ಹಬ್ಬಕ್ಕೆ ಹೋದರೂ ಜಗಲಿಯ ಮೇಲೆ ಕೂರುತ್ತಿದ್ದ. ಚೊಂಬಿನಲ್ಲಿ ನೀರು ಕೊಟ್ಟರೆ ಎತ್ತಿ ಕುಡಿಯುತ್ತಿದ್ದ. ಬಸ್ಸಿನ ಸದ್ದು ಕೇಳಿದರೆ ಎದ್ದುಬಿಡುತ್ತಿದ್ದ. ಅಕ್ಕ ಮೊದಲ ಮಗನನ್ನು ಹೆತ್ತಾಗಲಂತೂ ಬೀದಿಯಾಚೆ ಬೇವಿನ ಮರದ ಕೆಳಗೆ ನಿಂತಿದ್ದ. ಅವಳು ಬಾಣಂತಿ ಬಟ್ಟೆಯಲ್ಲೇ ಎದ್ದು ಕಿಟಕಿಗೆ ಬಂದು, ಕೂಸನ್ನು ಸರಳುಗಳ ಹಿಂದೆ ಎತ್ತಿ ಹಿಡಿದು ಕೂಗಿದಳು. ಆ ಸೀಮೆಯ ಮನೆಗಳಲ್ಲಿ ಕನ್ನಡ ತೆಲುಗು ಎರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ, ಅವಳ ಬಾಯಲ್ಲೂ ಹಾಗೆಯೇ.

“ಏಮ್ರಾ ತಮ್ಮುಡೂ! ನಿನ್ ಅಳಿಯನ್ನ ನೋಡ್ಕೊಳೋ! ಜೈಲಲ್ಲಿರೋದು ನಾವೋ ನೀನೋ?”

ಬೀದಿಯವರೆಲ್ಲ ನಕ್ಕರು, ಅವನೂ ನಕ್ಕ. ಅವಳು ನಗುತ್ತಲೇ ಒಳಗೆ ಹೋಗಿ ಗೋಡೆಗೆ ತಲೆಯಿಟ್ಟು ಅತ್ತಳಂತೆ. ಇದು ಅವನಿಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಬರಬರುತ್ತ ಅವಳ ಬೇಡಿಕೆ ಒಂದೇ ಮಾತಿಗೆ ಇಳಿಯಿತು. ಒಂದು ದಿನ ಒಳಗೆ ಬಂದು, ಒಲೆಯ ಮುಂದೆ ಕೂತು, ನನ್ನ ಕೈಯ ಮುದ್ದೆ ಉಣ್ಣು ಎನ್ನುವುದು. ಇವನ ಉತ್ತರವೂ ಒಂದೇ ಮಾತು: “ಈ ಲಾಟೊಂದು ಮುಗೀಲಿ ಅಕ್ಕ.”

ಹೀಗೆ ಇರುವಾಗ, ಎಂಬತ್ತೇಳನೇ ಇಸವಿಯಲ್ಲಿ ಕೇಂದ್ರಕ್ಕೆ ಕಂಪ್ಯೂಟರ್ ಬಂತು. ಬೆಂಗಳೂರಿನಿಂದ ಲಾರಿಯಲ್ಲಿ, ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಳಗೆ ಕೂತು ಬಂತು. ಅದಕ್ಕೆಂದೇ ಗಾಜಿನ ಬಾಗಿಲ ಒಂದು ಕೋಣೆ, ತಣ್ಣನೆ ಗಾಳಿಯ ಮಿಷನ್ನು, ಕರೆಂಟು ಹೋದರೆ ಇರಲಿ ಎಂದು ಹೊರಗೊಂದು ಜನರೇಟರು. ಅದರಿಂದ ಮೊಟ್ಟೆ ಕೋಣೆಗಳಿಗೆ ತಂತಿ ಎಳೆದರು. ಕಿಟಕಿಗಳನ್ನೆಲ್ಲ ಮುಚ್ಚಿ ಕೋಣೆಯನ್ನೇ ಕತ್ತಲು ಮಾಡಿದರು, ಕಪ್ಪು ಬಟ್ಟೆಯ ಕೆಲಸ ತಪ್ಪಿತು. ಕಾವು ಕೊಡುವುದು, ನೀರಿನ ಹನಿ ಸಿಂಪಡಿಸುವುದು, ಫ್ಯಾನು ತಿರುಗಿಸುವುದು, ಕೊನೆಗೆ ಗೊತ್ತಾದ ಜಾವಕ್ಕೆ ದೀಪ ಹತ್ತಿಸುವುದು ಎಲ್ಲ ಇನ್ನು ಅದರದೇ ಜವಾಬ್ದಾರಿ. ಒಂದು ಸಲ ಹೇಳಿಟ್ಟರೆ ಸಾಕು ಎಂದರು. ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದು ಗಾಜಿಗೆ ಮೂಗು ಒತ್ತಿ ನೋಡಿದರು.

ಕದಿರಪ್ಪ ಮೊದಲ ಕೆಲವು ದಿನ ಆ ಕೋಣೆಯ ಕಡೆ ತಲೆಯೇ ಹಾಕಲಿಲ್ಲ. ಆದರೆ ಕಂಪನಿಯ ಇಂಜಿನಿಯರು ಬಂದು ಕಟ್ಟಳೆ ಹೇಳಿದ ದಿನ ಅವನ ಮುಖ ಅರಳಿತು. ಚಪ್ಪಲಿ ಹೊರಗೆ ಬಿಡಬೇಕು. ಧೂಳು ಮೆತ್ತಿಕೊಂಡು ಒಳಗೆ ಬರಕೂಡದು. ಸಿಕ್ಕಸಿಕ್ಕವರು ಮುಟ್ಟಕೂಡದು. ಇಂಜಿನಿಯರು ಹೇಳಿದ್ದು ಧೂಳಿನ ಭಯಕ್ಕೆ, ಇವನು ಕೇಳಿಸಿಕೊಂಡದ್ದೇ ಬೇರೆ. ಸಂಜೆ ಮನೆಗೆ ಹೋಗಿ ಹೆಂಡತಿ ಮುನಿಶಾಮಮ್ಮನಿಗೆ, “ಅದಕ್ಕೂ ಮಡಿ ಐತೆ ಕಣೇ, ನಮ್ಮ ಹುಳಕ್ಕಿಂತ ಒಂದು ಕೈ ಮೇಲೆ” ಎಂದ. ಮಾರನೇ ದಿನದಿಂದ ತಲೆಗೆ ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟುಕೊಂಡೇ ಆ ಕೋಣೆಗೆ ಹೋಗತೊಡಗಿದ. ಮಿಷನ್ನಿನ ಹಣೆ ಯಾವುದೆಂದು ಗೊತ್ತಾಗದೆ ನಾಕು ಕಡೆ ಹುಡುಕಿ ಮೂಲೆಯಲ್ಲಿ ಅದಕ್ಕೂ ಒಂದು ಬೊಟ್ಟು ಇಟ್ಟ.

ಅದನ್ನು ನಡೆಸಲು ಮಾಲೂರಿನ ಶ್ಯಾಮಲಮ್ಮ ಎಂಬ ಓದಿದ ಹೆಣ್ಣುಮಗಳನ್ನು ನೇಮಿಸಿದ್ದರು. ಕೇಂದ್ರದ ಅಧಿಕಾರಿ ರಾಮಚಂದ್ರಪ್ಪ ಒಳ್ಳೆಯ ಮನುಷ್ಯ. “ಕದಿರಪ್ಪನಿಗೂ ಹೇಳಿಕೊಡಮ್ಮ, ಹೊತ್ತು ಗೊತ್ತಿರೋದು ಅವನಿಗೇ” ಎಂದಿದ್ದರು. ಅವಳು ತಾಳ್ಮೆಯಿಂದ ಕಲಿಸಿದಳು. ಪ್ರತಿಯೊಂದು ಕೆಲಸದ ಮುಂದೆಯೂ ಐದು ಮನೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಯಾವ ಮನೆಯಲ್ಲಿ ಏನು ಬರೆಯುತ್ತೀರೋ ಆ ಹೊತ್ತು ಬಂದಾಗ ಕೆಲಸ ತಾನಾಗಿ ನಡೆಯುತ್ತದೆ. ಯಾವ ಮನೆಯಲ್ಲಿ ಚುಕ್ಕಿ ಇಡುತ್ತೀರೋ ಅಲ್ಲಿ ಯಾವುದು ಬಂದರೂ ಸರಿ ಎಂದರ್ಥ.

“ಐದು ಅಂಗ! ಇದು ಪಂಚಾಂಗವೇ ಅಲ್ವೇನಮ್ಮ?” ಎಂದ ಕದಿರಪ್ಪ.

ಶ್ಯಾಮಲಮ್ಮ ನಕ್ಕು, “ಹಂಗೇ ಅಂದ್ಕೊಳ್ಳಿ” ಎಂದಳು. ಅಲ್ಲಿಗೆ ಅವನಿಗೆ ಪೂರ್ತಿ ನಂಬಿಕೆ ಬಂತು. ಎಂಟನೇ ಕ್ಲಾಸಿನ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತ, ಮೂರು ತಿಂಗಳಲ್ಲಿ ಲಾಟಿನ ದಿನಗಳನ್ನೆಲ್ಲ ತಾನೇ ಬರೆದಿಡುವಷ್ಟು ಕಲಿತ. ಒಂದು ದಿನ ತಡೆಯಲಾರದೆ ಕೇಳಿಯೂ ಬಿಟ್ಟ.

“ಅಮ್ಮಯ್ಯ, ನಾನು ಊರಲ್ಲಿಲ್ಲ ಅಂತಿಟ್ಕೊ. ಆಗ ಇದು ಏನ್ ಮಾಡ್ತದೆ?”

“ನೀವು ಇದ್ದೀರೋ ಇಲ್ವೋ ಅದಕ್ಕೆ ಗೊತ್ತೇ ಆಗಲ್ಲ ಕದಿರಪ್ಪನೋರೆ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುತ್ತೆ, ಅಷ್ಟೆ.”

ಅವಳು ಧೈರ್ಯ ಹೇಳಲೆಂದು ಅಂದದ್ದು. ಅವನಿಗೆ ಮಾತ್ರ ಸ್ವಲ್ಪ ಚುಚ್ಚಿತು.

ಮಿಷನ್ನಿನ ಮೊದಲ ಲಾಟಿನ ಜಾವ ಅವನು ಮೊಟ್ಟೆ ಕೋಣೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ. ಹೊತ್ತಿಗೆ ಸರಿಯಾಗಿ ಬಾಗಿಲ ಸಂದಿನಲ್ಲಿ ಬೆಳಕು ಹರಿಯಿತು. ಒಳಗೆ ಯಾರೂ ಇರಲಿಲ್ಲ. ಬಿಸಿಲೇರುವ ಹೊತ್ತಿಗೆ ಹಾಳೆಗಳ ಮೇಲೆ ಮರಿಗಳು ಕಪ್ಪಗೆ ಮುತ್ತಿಕೊಂಡಿದ್ದವು, ಒಂದೂ ಹಿಂದೆ ಉಳಿದಿರಲಿಲ್ಲ. ಸಂತೋಷವೋ ಸಂಕಟವೋ ತಿಳಿಯದೆ ಅವನು ಆ ದಿನವೇ ಬಸ್ಸು ಹತ್ತಿ ಯಲ್ದೂರಿಗೆ ಹೋಗಿ ಅಕ್ಕನಿಗೆ ವರದಿ ಒಪ್ಪಿಸಿದ. ಜಗಲಿಯ ಮೇಲೆ ಕೂತುಕೊಂಡೇ.

ಭಾರತಮ್ಮ ಕೆನ್ನೆಗೆ ಕೈ ಕೊಟ್ಟು ಎಲ್ಲ ಕೇಳಿದಳು. ಆಮೇಲೆ, “ಅಂದ್ರೆ ದೀಪ ಅದೇ ಹಚ್ತದೆ. ನೀನು ಒಳಕ್ಕೆ ಹೋಗೋದೇ ಬೇಕಾಗಿಲ್ಲ. ಹೌದಾ?” ಎಂದಳು.

“ಹೌದು ಅಕ್ಕ.”

“ಇನ್ನೇನ್ರಾ ಮತ್ತೆ? ಏಳು, ಒಳಕ್ಕೆ ಬಾ. ಮುದ್ದೆ ಕೂಡಿಸ್ತೀನಿ.”

ಕದಿರಪ್ಪ ಏಳಲು ಹೋದವನು ಅರ್ಧಕ್ಕೇ ಮತ್ತೆ ಕೂತ. ದೀಪ ಅದೇ ಹಚ್ಚುತ್ತದೆ, ಸರಿ. ಆದರೆ ನಾಳೆ ಬೆಳಿಗ್ಗೆ ಆ ಮಿಷನ್ನಿನ ಮುಂದೆ ಕೂತು ಮುಂದಿನ ಲಾಟು ಬರೆಯಬೇಕಾದವನು ತಾನು. ಅದಕ್ಕೂ ಮಡಿ ಇದೆಯಲ್ಲ! “ಹೊಸದು ಅಕ್ಕ, ಇನ್ನೂ ಪಳಗಿಲ್ಲ. ಇನ್ನೊಂದೆರಡು ಲಾಟು ನೋಡ್ಬಿಟ್ಟು ಬಂದು ಕೂತು ಉಣ್ತೀನಿ, ಸತ್ಯವಾಗ್ಲೂ” ಎಂದ. ಅವಳು ಖಾಲಿ ಚೊಂಬು ಎತ್ತಿಕೊಂಡಳು. “ಮೊದ್ಲು ಒಂದು ಸವತಿ ಇದ್ಲು, ಈಗ ಎರಡಾದ್ರು” ಎಂದು ಗೊಣಗಿಕೊಂಡು ಒಳಗೆ ಹೋದಳು.

ಒಂದೆರಡು ಹೋಗಿ ಐದಾರು ಲಾಟು ಕಳೆದವು. ಮಿಷನ್ನು ಒಮ್ಮೆಯೂ ತಪ್ಪಲಿಲ್ಲ. ಅದನ್ನು ಬರೆದಿಟ್ಟವನೂ ಒಮ್ಮೆಯೂ ಅದನ್ನು ಅದರ ಪಾಡಿಗೆ ಬಿಡಲಿಲ್ಲ. ದೀಪ ಹತ್ತುವ ಜಾವ ಬಂದರೆ ಸ್ಟೂಲು ಹಾಕಿಕೊಂಡು ಕೂರುವುದೇ. ರಾಮಚಂದ್ರಪ್ಪನವರು ಒಂದು ದಿನ ರೇಗಿಸಿದರು ಕೂಡ: “ಏನಯ್ಯ, ಮಿಷನ್ ಕಾಯೋಕೆ ನೀನು, ನಿನ್ನ ಕಾಯೋಕೆ ಇನ್ನೊಬ್ಬನ್ನ ಇಡಲೇನು?”

ಎಂಬತ್ತೆಂಟರ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಭಾರತಮ್ಮ ಮಲಗಿದಳು. ಹೊಟ್ಟೆಯಲ್ಲಿ ಗಡ್ಡೆ. ಕೋಲಾರಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ಬೆಂಗಳೂರಿಗೂ ಹೋಗಿ ಬಂದರು. ಇನ್ನು ಮನೆಯಲ್ಲೇ ಇರಲಿ, ಬೇಕೆಂದದ್ದು ಕೊಡಿ ಎಂದು ಡಾಕ್ಟರು ಹೇಳಿದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನ ಭಾವ ಚನ್ನರಾಯಪ್ಪ ಕೇಂದ್ರದ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬರಲಿಲ್ಲ, ಬಾಮೈದನ ಮಡಿ ಅವನಿಗೂ ಅಭ್ಯಾಸವಾಗಿಹೋಗಿತ್ತು.

“ಕದಿರಪ್ಪ, ಜಾಸ್ತಿ ದಿನ ಇಲ್ಲ ಕಣಯ್ಯ. ನಿನ್ನೇ ಕೇಳ್ತಾವ್ಳೆ. ಒಂದ್ಸಲ ಬಂದ್ಬಿಡು.”

“ಬರ್ತೀನಿ ಭಾವ. ಈಗ್ಲೇ ಬರ್ತೀನಿ. ನೀವು ಮುಂದೆ ನಡೀರಿ” ಎಂದ ಕದಿರಪ್ಪ. ಸುಳ್ಳಾಡಿದ್ದಲ್ಲ, ಮನಸಾರೆ ಹೇಳಿದ್ದು.

ಕತ್ತಲೆ ಕೋಣೆಯಲ್ಲಿ ಲಾಟಿತ್ತು, ಮಾರನೇ ಜಾವಕ್ಕೆ ಬೆಳಕು ಬಿಡಬೇಕಾದದ್ದು. ಶ್ಯಾಮಲಮ್ಮ ಎದುರಿಗೇ ಕೂತು ಬರೆದದ್ದನ್ನೆಲ್ಲ ಓದಿ ತೋರಿಸಿದಳು. ಜಾವದ ದೀಪ, ಕಾವು, ಹನಿ, ಅದರ ಮುಂದಿನ ಲಾಟಿನದೂ ಸೇರಿ ಹದಿನೈದು ದಿನದ ಕೆಲಸ ಐದೈದು ಮನೆಗಳಲ್ಲಿ ತುಂಬಿ ಕೂತಿತ್ತು. ಮರಿಗಳಿಗೆ ಸೊಪ್ಪು ಹಾಕುವ ಹೆಂಗಸರಿದ್ದರು, ಜನರೇಟರಿಗೆ ಆಳಿದ್ದ. ರಾಮಚಂದ್ರಪ್ಪನವರು ರಜೆ ಕೇಳುವ ಮೊದಲೇ ಕೊಟ್ಟರು. “ಹೋಗಯ್ಯ, ಹೋಗಿ ಅಕ್ಕನ ಜೊತೆ ಇರು. ಇಲ್ಲಿ ನಿನ್ನದೇನೂ ಕೆಲಸ ಇಲ್ಲ.”

ಬಟ್ಟೆಯ ಚೀಲ ಹಿಡಿದು ಕದಿರಪ್ಪ ಬಸ್ ಸ್ಟ್ಯಾಂಡಿಗೆ ಹೋದ. ಯಲ್ದೂರಿನ ಬಸ್ಸು ನಿಂತಿತ್ತು. ಹತ್ತಿ ಕೂತೂ ಆಯಿತು. ಕೂತ ಮೇಲೆ ಬಂತು ನೋಡಿ ಆ ಹಾಳು ಯೋಚನೆ. ತಾನು ಅಲ್ಲಿರುವಾಗಲೇ ಏನಾದರೂ ಆಗಿಬಿಟ್ಟರೆ? ಸೂತಕ ಮೈಗೆ ಬಂದರೆ ಹನ್ನೊಂದು ದಿನ ಕೇಂದ್ರದ ಬಾಗಿಲು ತುಳಿಯುವಂತಿಲ್ಲ, ಮಿಷನ್ನು ಮುಟ್ಟುವಂತಿಲ್ಲ. ಬೆಳಿಗ್ಗೆ ದೀಪವೇ ಹತ್ತದೆ ಹೋದರೆ? ಮೊದಲ ವರ್ಷದ ಆ ರೈತರ ಮುಖಗಳು ಕಣ್ಣ ಮುಂದೆ ಬಂದವು. ಒಂದೇ ಒಂದು ರಾತ್ರಿ ತಾನೇ. ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿ ಮೊದಲ ಬಸ್ಸಿಗೆ ಹೋದರಾಯಿತು, ಅಕ್ಕ ಗಟ್ಟಿ ಜೀವ ಎಂದುಕೊಂಡ. ಕಂಡಕ್ಟರು ಸೀಟಿ ಊದುವ ಹೊತ್ತಿಗೆ ಇಳಿದುಬಿಟ್ಟ.

ಇಳಿಯಬಾರದಾಗಿತ್ತು. ಅವನನ್ನು ಯಾರೂ ಇಳಿಸಲಿಲ್ಲ, ಯಾರೂ ಕರೆಯಲಿಲ್ಲ. ಇಷ್ಟು ವರ್ಷದ ಅಭ್ಯಾಸ ಕಾಲು ಹಿಡಿದು ಎಳೆಯಿತು, ಅಷ್ಟೇ.

ಜಾವಕ್ಕೆ ಸ್ಟೂಲಿನ ಮೇಲೆ ಕೂತಿದ್ದ. ಬಾಗಿಲ ಸಂದಿನಲ್ಲಿ ಬೆಳಕು ಹರಿಯಿತು. ಅವನು ಏನೂ ಮಾಡಲಿಲ್ಲ, ಮಾಡುವುದಕ್ಕೆ ಏನೂ ಇರಲಿಲ್ಲ. ಎದ್ದು ಮುಖ ತೊಳೆದು, ಚೀಲ ಎತ್ತಿಕೊಂಡು ರಸ್ತೆಗೆ ಬಂದ. ಆ ಕಡೆಯಿಂದ ಬರುತ್ತಿದ್ದ ಯಲ್ದೂರಿನ ಮೊದಲ ಬಸ್ಸು ಅವನ ಮುಂದೆ ತಾನಾಗಿಯೇ ನಿಂತಿತು. ಕಂಡಕ್ಟರು ಕೆಳಗಿಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಸಾವಿನ ಸುದ್ದಿ ಆ ಸೀಮೆಯಲ್ಲಿ ಬಸ್ಸಿನ ಮೇಲೆಯೇ ಬರುತ್ತಿದ್ದದ್ದು, ಹಾಗಾಗಿ ಕಂಡಕ್ಟರು ಬಾಯಿ ಬಿಡುವ ಮೊದಲೇ ಕದಿರಪ್ಪನಿಗೆ ತಿಳಿಯಿತು.

ಯಲ್ದೂರಿಗೆ ಹೋದಾಗ ಭಾರತಮ್ಮನನ್ನು ಜಗಲಿಯ ಮೇಲೆ ಮಲಗಿಸಿತ್ತು. ಜೀವ ಹೋದ ಮೇಲೆ ಹೊರಗೆ ತರುವುದು ರೂಢಿ, ಅದರಲ್ಲೇನೂ ಅವನಿಗೆ ಹೊಸದು ಕಾಣಲಿಲ್ಲ. ಪಾದದ ಹತ್ತಿರ ಕೂತು ತಲೆ ಚಚ್ಚಿಕೊಂಡು ಅತ್ತ. ಅಳು ಒಂದಿಷ್ಟು ತಗ್ಗಿದ ಮೇಲೆ ಚನ್ನರಾಯಪ್ಪ ಪಕ್ಕದಲ್ಲಿ ಬಂದು ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಕದಿರಪ್ಪನಿಗೆ ಎಷ್ಟೋ ವಾಸಿ ಎನಿಸುತ್ತಿತ್ತು.

“ನಾವು ತಂದು ಹಾಕಿದ್ದಲ್ಲ ಕಣಯ್ಯ. ನೀನು ಬರ್ತೀಯ ಅಂತ ನಾನು ಬಂದು ಹೇಳಿದ್ನಲ್ಲ, ಆವಾಗ ಅವ್ಳೇ ಅಂದ್ಲು. ‘ಅವ್ನು ಒಳಕ್ಕೆ ಬರಲ್ಲ, ನನ್ನೇ ಹೊರಕ್ಕೆ ಹಾಕಿ’ ಅಂತ. ನಾವು ಬೇಡ ಅಂದ್ರೂ ಕೇಳ್ಲಿಲ್ಲ. ಜಗಲಿ ತೊಳ್ಸಿ, ಹಾಸಿಗೆ ಹಾಕ್ಸಿ, ರಸ್ತೆ ಕಾಣೋ ಹಂಗೆ ಮಲಗಿದ್ಲು. ಒಂದೊಂದು ಬಸ್ಸು ಬಂದಾಗ್ಲೂ ‘ಇಳಿದ್ನಾ?’ ಅಂತ ಕೇಳೋಳು. ಕೊನೇ ಬಸ್ಸು ಹೋದ್ಮೇಲೆ ‘ಒಳಕ್ಕೆ ಹೋಗೋಣ ಬಾ’ ಅಂದೆ. ‘ಬೆಳಿಗ್ಗೆ ಮೊದಲನೇದಕ್ಕೆ ಬರ್ತಾನೆ, ಇಲ್ಲೇ ಇರ್ಲಿ’ ಅಂದ್ಲು.”

ಕದಿರಪ್ಪ ಜಗಲಿಯ ಕಲ್ಲನ್ನು ಅಂಗೈಯಿಂದ ಸವರಿ ನೋಡಿದ. ತಾನು ಇಷ್ಟು ವರ್ಷ ಕೂತು ಎದ್ದುಹೋಗುತ್ತಿದ್ದ ಜಾಗ ಅದು, ಸರಿಯಾಗಿ ಅದೇ ಜಾಗ.

ಹನ್ನೊಂದು ದಿನವೂ ಅವನು ಅಲ್ಲೇ ಇದ್ದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನೆಯ ಹೊಸಿಲು ದಾಟಿದ. ಅಕ್ಕನ ಒಲೆ ಎಷ್ಟು ಎತ್ತರ, ಅವಳ ಮುದ್ದೆ ಕೋಲು ಯಾವ ಮೂಲೆಯಲ್ಲಿ ಇರುತ್ತದೆ, ಅವಳು ಕೂತು ಉಣ್ಣುತ್ತಿದ್ದ ಮಣೆ ಯಾವುದು ಎಂದೆಲ್ಲ ಆಗ ನೋಡಿದ. ಅಕ್ಕನ ಮಗಳು ಮುದ್ದೆ ಬಡಿಸಿದಳು. ಆ ಹುಡುಗಿಯ ಮುದ್ದೆ ಚೆನ್ನಾಗಿಯೇ ಇತ್ತು, ಅಕ್ಕನ ಕೈಯದಲ್ಲ ಅಷ್ಟೆ.

ಹನ್ನೆರಡನೇ ದಿನ ತಲೆ ಬೋಳಿಸಿಕೊಂಡು ಕೇಂದ್ರಕ್ಕೆ ಹೋದ. ಶ್ಯಾಮಲಮ್ಮ ಗಾಜಿನ ಬಾಗಿಲು ತೆರೆದು ಹೊರಗೆ ಬಂದಳು. ಅವನಿಗೆ ಸಮಾಧಾನವಾಗಲಿ ಎಂದೇ ಆ ಹುಡುಗಿ ಹೇಳಿದಳು, ಅವಳನ್ನು ಬಯ್ದು ಉಪಯೋಗವಿಲ್ಲ.

“ನೀವೇನೂ ಯೋಚನೆ ಮಾಡ್ಬೇಡಿ ಕದಿರಪ್ಪನೋರೆ. ಎಲ್ಲಾ ತಾನಾಗೇ ಆಯ್ತು. ಆ ಲಾಟು ರೈತರ ಮನೆ ಸೇರಿತು, ಇಷ್ಟು ಚೆನ್ನಾಗಿ ಯಾವತ್ತೂ ಆಗಿರ್ಲಿಲ್ಲ ಅಂತಾರೆ. ಇವತ್ತಿನ ಜಾವ ಇನ್ನೊಂದು ಲಾಟಿಗೂ ದೀಪ ಹತ್ತಿತು. ನೀವಿಲ್ಲ ಅನ್ನೋದು ಅದಕ್ಕೆ ಗೊತ್ತೇ ಆಗ್ಲಿಲ್ಲ.”

ಕದಿರಪ್ಪ “ಹೂಂ” ಎಂದ. ಮೊಟ್ಟೆ ಕೋಣೆಯ ಮುಂದೆ ಅವನ ಸ್ಟೂಲು ಹಾಗೇ ಇತ್ತು, ಅದನ್ನು ಎತ್ತಿಕೊಂಡು ಹೋಗಿ ಜನರೇಟರಿನ ಆಳಿಗೆ ಕೊಟ್ಟ. ಆಮೇಲೂ ಕೆಲಸದಲ್ಲಿದ್ದ, ಐದು ಮನೆಗಳನ್ನು ತಪ್ಪಿಲ್ಲದೆ ತುಂಬುತ್ತಿದ್ದ. ಆದರೆ ಜಾವಕ್ಕೆ ಎದ್ದು ಬಂದು ಕೂರಲಿಲ್ಲ. ಮಿಷನ್ನಿಗೆ ಬೊಟ್ಟಿಡುವುದನ್ನೂ ಬಿಟ್ಟ.

ಆಮೇಲಿನ ಕದಿರಪ್ಪನನ್ನು ಬಲ್ಲವರು ಅವನ ಬಗ್ಗೆ ಬೇರೆಯದೇ ಹೇಳುತ್ತಾರೆ. ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ, ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಕರೆಯದೆ ಇದ್ದರೂ ಬಂದುಬಿಡುತ್ತಿದ್ದನಂತೆ. ಬಂದವನು ನೇರ ಒಳಗೆ ನುಗ್ಗಿ, ಒಲೆಯ ಮುಂದೆ ಕೂತು, ಏನಾದರೂ ಇದ್ದರೆ ಹಾಕಿ ಎನ್ನುತ್ತಿದ್ದ. ವಯಸ್ಸಾದ ಮೇಲೆ ಈ ಮನುಷ್ಯನಿಗೆ ನಾಚಿಕೆ ಬಿಟ್ಟುಹೋಯಿತು ಎಂದು ಜನ ನಗುತ್ತಿದ್ದರು. ಯಲ್ದೂರಿನ ಮನೆಗೆ ಮಾತ್ರ ವಾರಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದ. ಬಿಸಿಲಿನಲ್ಲಿ ಬಂದಿದ್ದೀಯ, ಜಗಲಿಯ ಮೇಲೆ ಗಾಳಿ ಇದೆ, ಸ್ವಲ್ಪ ಹೊತ್ತು ಕೂತ್ಕೋ ಎಂದು ಭಾವ ಹೇಳಿದರೂ ಅವನು ಅಲ್ಲಿ ಒಂದು ದಿನವೂ ಕೂರಲಿಲ್ಲ.